ಅಟ್ಟದಿಂದ ಇಳಿದ ಗರಗಸ: ಸ್ಕ್ರೂ ತಿರುಗಿಸುವ ಮುನ್ನ

ಪ್ರಶ್ನೆ: ನಮ್ಮದು ಪೆರ್ಲದ ಹತ್ತಿರ ಸಣ್ಣ ಅಡಿಕೆ ತೋಟ. ಅಪ್ಪ 14 ವರ್ಷಗಳ ಹಿಂದೆ ಕೊಂಡ 35 ಸಿಸಿಯ ಚೈನ್ ಸಾ ಒಂದಿದೆ. ಅವರು ತೀರಿಕೊಂಡ ಮೇಲೆ ನಾಲ್ಕು ವರ್ಷ ಅದು ಅಟ್ಟದಲ್ಲೇ ಇತ್ತು. ಮೊನ್ನೆಯ ಗಾಳಿಗೆ ಹಲಸಿನ ದೊಡ್ಡ ಗೆಲ್ಲು ಮುರಿದು ಕೊಟ್ಟಿಗೆಯ ಮಗ್ಗುಲಿಗೆ ಒರಗಿಕೊಂಡಿದೆ. ಹಾಗಾಗಿ ಗರಗಸವನ್ನು ಕೆಳಗಿಳಿಸಿ, ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲಿನ ಮೇಲೆಯೇ ಹೊಸದನ್ನು ಸುರಿದೆ. ಚೋಕ್ ಎಳೆದಿದ್ದರೆ ಓಡುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ಬೈಕ್ ರಿಪೇರಿ ಮಾಡುವವರೊಬ್ಬರು ಕಾರ್ಬುರೇಟರಿನ ಸ್ಕ್ರೂಗಳನ್ನು ತಿರುಗಿಸಿ ಕೊಟ್ಟರು. ಈಗ ಸ್ಟಾರ್ಟ್ ಆದರೆ ಕಿರುಚುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸಾಯುತ್ತದೆ. ಮೂರು ಸ್ಕ್ರೂ ಕಾಣುತ್ತವೆ. ಯಾವುದನ್ನು, ಯಾವ ಕಡೆಗೆ, ಎಷ್ಟು ಸುತ್ತು ತಿರುಗಿಸಬೇಕು?

ಉತ್ತರ: ಎಷ್ಟು ಸುತ್ತು ಎಂದು ಖಂಡಿತ ಹೇಳುತ್ತೇನೆ, ಆದರೆ ಈಗಲೇ ಅಲ್ಲ. ಈಗಲೇ ಹೇಳಿದರೆ ನೀವು ಉಳಿದದ್ದನ್ನು ಓದುವುದಿಲ್ಲ, ನಿಮ್ಮ ಪಿಸ್ಟನ್ ಉಳಿಯುವುದಿಲ್ಲ.

ನಿಮ್ಮ ತಂದೆಯವರು ಗರಗಸವನ್ನು ಕೊನೆಯ ಸಲ ಬಳಸಿದ ದಿನ ಅದು ಮರ ಕೊಯ್ಯುತ್ತಿತ್ತು ತಾನೇ? ಅಂದರೆ ಆ ದಿನ ಸ್ಕ್ರೂಗಳು ಇರಬೇಕಾದ ಜಾಗದಲ್ಲೇ ಇದ್ದವು. ಅಟ್ಟದಲ್ಲಿ ಇಲಿ ಪೆಟ್ರೋಲ್ ಪೈಪಿಗೆ ಹಲ್ಲು ಹಾಕೀತು, ಆದರೆ ಸ್ಕ್ರೂ ಡ್ರೈವರ್ ಹಿಡಿಯಲಾರದು. ಈ ನಾಲ್ಕು ವರ್ಷಗಳಲ್ಲಿ ಕೆಟ್ಟದ್ದು ಎರಡೇ: ಪೆಟ್ರೋಲ್ ಮತ್ತು ರಬ್ಬರ್. ಅವೆರಡನ್ನೂ ಹಾಗೇ ಬಿಟ್ಟು ಸ್ಕ್ರೂ ತಿರುಗಿಸುವುದೆಂದರೆ, ಬಾವಿಯ ಹಗ್ಗ ಹರಿದಿರುವಾಗ ರಾಟೆಗೆ ಎಣ್ಣೆ ಬಿಟ್ಟಂತೆ.

ಚೋಕ್ ಎಂದರೆ ಗಾಳಿಯ ದಾರಿಯನ್ನು ಮುಚ್ಚುವ ಬಾಗಿಲು. ಗಾಳಿ ಕಡಿಮೆಯಾದರೆ ಎಂಜಿನ್ ಪೆಟ್ರೋಲನ್ನು ಹೆಚ್ಚು ಎಳೆಯುತ್ತದೆ. ಚೋಕ್ ಹಾಕಿದಾಗ ಮಾತ್ರ ಓಡುತ್ತದೆಂದರೆ ಸಾಮಾನ್ಯ ಸ್ಥಿತಿಯಲ್ಲಿ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಇದನ್ನು ವರ್ಕ್‌ಶಾಪಿನಲ್ಲಿ ಲೀನ್ ಎನ್ನುತ್ತಾರೆ, ಪೆಟ್ರೋಲ್ ಹೆಚ್ಚಾದರೆ ರಿಚ್. ಬೈಕಿನಲ್ಲಿ ಲೀನ್ ಆದರೆ ಎಂಜಿನ್ ಬಿಸಿಯಾಗುತ್ತದೆ, ಎಳೆತ ಕಡಿಮೆಯಾಗುತ್ತದೆ, ಅಷ್ಟೇ. ಟೂ ಸ್ಟ್ರೋಕ್ ಗರಗಸದಲ್ಲಿ ಎಂಜಿನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರಬೇಕು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಬಿಸಿ ಹೆಚ್ಚು, ವೇಗವೂ ಹೆಚ್ಚು. ನಿಮ್ಮ ಗರಗಸ ಕಿರುಚುವುದು ಆರೋಗ್ಯದ ಲಕ್ಷಣವಲ್ಲ, ಜ್ವರ ಏರಿದವನ ಬಡಬಡಿಕೆ. ಇದನ್ನು ಓದಿ ಮುಗಿಸುವವರೆಗೆ ಇನ್ನೊಮ್ಮೆ ಸ್ಟಾರ್ಟ್ ಮಾಡಬೇಡಿ.

ಮೊದಲು ಟ್ಯಾಂಕಿನಲ್ಲಿರುವುದನ್ನೆಲ್ಲ ಒಂದು ಗಾಜಿನ ಭರಣಿಗೆ ಬಗ್ಗಿಸಿ ಅರ್ಧ ಗಂಟೆ ಹಾಗೇ ಇಡಿ. ಬೆಳಕಿಗೆ ಹಿಡಿದು ನೋಡಿದರೆ ತಳದಲ್ಲಿ ಬೇರೆಯೇ ಪದರವೊಂದು ಕಾಣಬಹುದು. ಅದು ಪೆಟ್ರೋಲಿಗೆ ಬೆರೆಸಿರುವ ಎಥನಾಲ್ ಹೀರಿಕೊಂಡ ನೀರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಕಾಸರಗೋಡಿನಲ್ಲಿ ಜೂನ್ ಬಂತೆಂದರೆ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಅರ್ಧ ತುಂಬಿದ ಟ್ಯಾಂಕು ನಾಲ್ಕು ಮಳೆಗಾಲದ ತೇವವನ್ನು ಹೀರದೆ ಬಿಟ್ಟೀತೇ? ಮೂಗಿಗೆ ಹಳೆಯ ವಾರ್ನಿಷಿನ ವಾಸನೆ ಬಂದರೆ ಪೆಟ್ರೋಲ್ ಅಂಟಾಗಿದೆ ಎಂದು ಲೆಕ್ಕ. ಅದನ್ನು ತೋಟಕ್ಕೆ ಚೆಲ್ಲಬೇಡಿ, ಒಲೆಗೆ ಬೆಂಕಿ ಹಚ್ಚಲು ಅಂತೂ ಬೇಡವೇ ಬೇಡ.

ಬಾಗಿಸಿದ ತಂತಿಯಿಂದ ಟ್ಯಾಂಕಿನೊಳಗಿನ ಫಿಲ್ಟರನ್ನು ಬಾಯಿಯವರೆಗೆ ಎಳೆಯಿರಿ. ಕಪ್ಪಾಗಿದ್ದರೆ ತೊಳೆಯುವ ಗೋಜು ಬೇಡ, ಹೊಸದನ್ನು ಹಾಕಿ. ಅದಕ್ಕೆ ಸೇರಿದ ರಬ್ಬರ್ ಪೈಪನ್ನು ಬೆರಳಲ್ಲಿ ಮಡಚಿ ನೋಡಿ. ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅದು ಪೆಟ್ರೋಲಿನ ಬದಲು ಗಾಳಿ ಎಳೆಯುವ ಪೈಪು, ಬದಲಿಸಿ. ಏರ್ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಸ್ಪಾರ್ಕ್ ಪ್ಲಗ್ಗಿನ ತುದಿಗಳ ಅಂತರ 0.5 ಮಿಲಿಮೀಟರ್ ಇರಲಿ. ಸೈಲೆನ್ಸರಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಲು ಮರೆಯಬೇಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಟ್ಟದ ಮೇಲಿನ ಸೈಲೆನ್ಸರಿಗಿಂತ ಒಳ್ಳೆಯ ಬಾಡಿಗೆ ಮನೆ ಸಿಗುವುದಿಲ್ಲ. ಕಾರ್ಬುರೇಟರ್ ಕೆಟ್ಟಿದೆಯೆಂದು ಬಂದ ಎಷ್ಟೋ ಯಂತ್ರಗಳನ್ನು ನಾನು ಒಂದು ಕಡ್ಡಿಯಿಂದ ಮಣ್ಣು ಕೆದಕಿ ವಾಪಸ್ ಕಳಿಸಿದ್ದೇನೆ.

ಇನ್ನು ಒಂದು ಪರೀಕ್ಷೆ, ಇದಕ್ಕೆ ಸಲಕರಣೆ ಬೇಡ. ಸ್ವಿಚ್ ಆಫ್ ಮಾಡಿ, ಪ್ಲಗ್ ಬಿಗಿಯಾಗಿರಲಿ. ಸ್ಟಾರ್ಟರ್ ಹಗ್ಗದ ಹಿಡಿಯನ್ನು ಹಿಡಿದು ಇಡೀ ಗರಗಸವನ್ನು ಎತ್ತಿ ತೂಗಾಡಿಸಿ. ಅದು ತಡೆದು ತಡೆದು ಒಂದೊಂದೇ ಮೆಟ್ಟಿಲು ಇಳಿದಂತೆ ಕೆಳಗೆ ಬಂದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಇದೆ. ಬಿಂದಿಗೆ ಬಾವಿಗೆ ಬಿದ್ದಂತೆ ಸರ್ರನೆ ಇಳಿದರೆ ರಿಂಗೋ ಪಿಸ್ಟನ್ನೋ ಹೋಗಿದೆ. ಹಾಗಿದ್ದರೆ ಕಾರ್ಬುರೇಟರಿಗೆ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಸೈಲೆನ್ಸರ್ ಕಳಚಿದರೆ ಪಿಸ್ಟನ್ನಿನ ಮೈ ಕಾಣುತ್ತದೆ. ಅದರ ಮೇಲೆ ಉದ್ದುದ್ದ ಗೀರು ಇಲ್ಲವಾದರೆ ಮುಂದುವರಿಯಿರಿ.

ಬೈಕ್ ರಿಪೇರಿಯವರು ಎಡವಿದ್ದು ಎಲ್ಲಿ ಎಂದು ಹೇಳಬೇಕು. ಅವರನ್ನು ದೂರುತ್ತಿಲ್ಲ. ಬೈಕಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿದೆ, ಅದರಲ್ಲಿ ತೇಲುವ ಫ್ಲೋಟ್ ಇದೆ. ಗರಗಸವನ್ನು ಅಡ್ಡ ಹಿಡಿಯುತ್ತೇವೆ, ತಲೆಕೆಳಗಾಗಿಯೂ ಹಿಡಿಯುತ್ತೇವೆ, ಅಲ್ಲಿ ಬಟ್ಟಲು ನಡೆಯುವುದಿಲ್ಲ. ಅದರ ಬದಲು ಎರಡು ತೆಳ್ಳನೆಯ ಪೊರೆಗಳಿವೆ, ಡಯಾಫ್ರಾಂ ಎನ್ನುತ್ತಾರೆ. ಒಂದು, ಎಂಜಿನಿನ ಹೊಟ್ಟೆಯ ಒತ್ತಡದ ಮಿಡಿತಕ್ಕೆ ಬಡಿದುಕೊಳ್ಳುತ್ತ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು. ಇನ್ನೊಂದು, ಎಂಜಿನ್ ಕೇಳಿದಷ್ಟೇ ಅಳೆದು ಕೊಡುವ ಪೊರೆ. ಎಂಜಿನ್ ಪೆಟ್ರೋಲ್ ಎಳೆದಾಗ ಈ ಪೊರೆ ಒಳಕ್ಕೆ ಬಾಗಿ ಒಂದು ಪುಟ್ಟ ಸನ್ನೆಯನ್ನು ಒತ್ತುತ್ತದೆ, ಸನ್ನೆ ಸೂಜಿಯನ್ನು ಎತ್ತುತ್ತದೆ, ಪೆಟ್ರೋಲ್ ಒಳಬರುತ್ತದೆ. ಪೊರೆ ಗಟ್ಟಿಯಾಗಿದ್ದರೆ ಪೂರ್ತಿ ಬಾಗುವುದಿಲ್ಲ, ಸೂಜಿ ಅರ್ಧವೇ ಏಳುತ್ತದೆ. ಹೊರಗಿನ ಸ್ಕ್ರೂವನ್ನು ನೀವು ಐದು ಸುತ್ತು ಬಿಚ್ಚಿದರೂ ಒಳಗೆ ಬಾರದ ಪೆಟ್ರೋಲ್ ಎಲ್ಲಿಂದ ಹೊರಟೀತು?

ಹಾಗಾಗಿ ಕಾರ್ಬುರೇಟರ್ ಬಿಚ್ಚಲೇಬೇಕು. ಏರ್ ಫಿಲ್ಟರಿನ ಹಿಂದೆ ಎರಡು ನಟ್ಟು, ಒಂದೆರಡು ಪೈಪು, ಆಕ್ಸಿಲರೇಟರಿನ ಕಡ್ಡಿ. ಪ್ರತಿಯೊಂದನ್ನು ಕಳಚುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಬಿಳಿಯ ಪಿಂಗಾಣಿ ತಟ್ಟೆಯ ಮೇಲೆ ಕೆಲಸ ಮಾಡಿ. ಸನ್ನೆಯ ಕೆಳಗಿನ ಸ್ಪ್ರಿಂಗ್ ಅಕ್ಕಿಕಾಳಿಗಿಂತ ದೊಡ್ಡದಿಲ್ಲ, ಮಣ್ಣಿನ ನೆಲಕ್ಕೆ ಹಾರಿದರೆ ಅದನ್ನು ಮರೆತುಬಿಡುವುದೇ ವಾಸಿ.

ಸಾಮಾನ್ಯ ಮಾದರಿಗಳಲ್ಲಿ ಒಂದೇ ಸ್ಕ್ರೂ ಇರುವ ಮುಚ್ಚಳ ಪಂಪಿನದು, ನಾಲ್ಕು ಸ್ಕ್ರೂ ಇರುವುದು ಅಳತೆಯ ಪೊರೆಯದು. ಪಂಪಿನ ಕಡೆ ಕಾರ್ಬುರೇಟರಿನ ಮೈಗೆ ತಾಗಿ ಪೊರೆ, ಅದರ ಮೇಲೆ ಸೋರಿಕೆ ತಡೆಯುವ ಹಾಳೆ, ಅಂದರೆ ಗ್ಯಾಸ್ಕೆಟ್. ಇನ್ನೊಂದು ಕಡೆ ಇದು ತಿರುವುಮುರುವು: ಮೈಗೆ ತಾಗಿ ಗ್ಯಾಸ್ಕೆಟ್, ಅದರ ಮೇಲೆ ಪೊರೆ. ಮನೆಯಲ್ಲೇ ರಿಪೇರಿ ಮಾಡಿ ಸೋತವರಲ್ಲಿ ಹೆಚ್ಚಿನವರು ಸೋಲುವುದು ಇದೊಂದೇ ಜಾಗದಲ್ಲಿ. ಪಂಪಿನ ಕಡೆ ಗುಂಡಿಯೊಳಗೆ ಬೆರಳ ಉಗುರಿಗಿಂತ ಸಣ್ಣ ಜಾಲರಿಯೊಂದಿದೆ, ಹಳೆಯ ಪೆಟ್ರೋಲಿನ ಕಂದು ಅಂಟು ಮೊದಲು ಕಟ್ಟುವುದು ಅಲ್ಲಿ.

ಹೊರತೆಗೆದ ಅಳತೆಯ ಪೊರೆಯನ್ನು ಕಿವಿಯ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಹೊಸ ಪೊರೆ ಸದ್ದು ಮಾಡುವುದಿಲ್ಲ, ಎಳೆಯ ಬಾಳೆ ಸುಳಿಯಂತೆ ಬಾಗುತ್ತದೆ. ನಿಮ್ಮದು ಒಣಗಿದ ಹಾಳೆಯಂತೆ ಟಪ್ ಎನ್ನುತ್ತದೆ ಎಂದು ನನ್ನ ಊಹೆ. ಎರಡು ಪೊರೆ, ಗ್ಯಾಸ್ಕೆಟ್, ಸೂಜಿ, ಸನ್ನೆ, ಸ್ಪ್ರಿಂಗ್, ಜಾಲರಿ ಎಲ್ಲ ಸೇರಿದ ಕಿಟ್ ಸಿಗುತ್ತದೆ. ಅಂಗಡಿಯಲ್ಲಿ ಗರಗಸದ ಹೆಸರು ಹೇಳಿದರೆ ಸಾಲದು. ವಾಲ್ಬ್ರೋ, ಜಾಮಾ, ಟಿಲ್ಲಟ್‌ಸನ್ ಮುಂತಾದ ಕಾರ್ಬುರೇಟರುಗಳ ಮೈಮೇಲೆ ಒತ್ತಿರುವ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಒಂದೇ ಮಾದರಿಯ ಗರಗಸಕ್ಕೆ ಬೇರೆ ಬೇರೆ ವರ್ಷ ಬೇರೆ ಬೇರೆ ಕಾರ್ಬುರೇಟರ್ ಬಂದಿರುವುದುಂಟು. ಹೊಸ ಸನ್ನೆಯ ಎತ್ತರ ಹಳೆಯದರಷ್ಟೇ ಇದೆಯೇ ನೋಡಿ. ಇದ್ದರೆ ಬಾಗಿಸಲು ಹೋಗಬೇಡಿ.

ಎಚ್ ಮತ್ತು ಎಲ್ ಎಂದು ಬರೆದ ಸ್ಕ್ರೂಗಳನ್ನು ಪೂರ್ತಿ ಹೊರತೆಗೆದು ತುದಿ ನೋಡಿ. ಸ್ಕ್ರೂವಿನ ಸೂಜಿಯಂಥ ಮೊನೆಯಲ್ಲಿ ಉಂಗುರದಂಥ ಗೆರೆ ಬಿದ್ದಿದ್ದರೆ ಯಾರೋ ಬಲವಾಗಿ ಬಿಗಿದಿದ್ದಾರೆ, ಆ ಸ್ಕ್ರೂ ಇನ್ನು ಸರಿಯಾಗಿ ಅಳೆಯುವುದಿಲ್ಲ. ತೂತುಗಳಿಗೆಲ್ಲ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕನ್ನಡಕ ಹಾಕಿಕೊಂಡೇ ಹೊಡೆಯಿರಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ಚಿಮ್ಮಿ ನೇರ ಕಣ್ಣಿಗೆ ಬರುತ್ತದೆ. ಸ್ಟೀಲ್ ತಂತಿ ಚುಚ್ಚಬೇಡಿ, ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನ ಪೂರ್ತಿ ಒತ್ತಡವನ್ನೂ ಬಿಡಬೇಡಿ. ಮುಖ್ಯ ನಾಳದಲ್ಲಿ ಪುಟ್ಟ ಕವಾಟವೊಂದಿದೆ, ಅದು ಕಿತ್ತುಹೋದರೆ ಕಾರ್ಬುರೇಟರನ್ನೇ ಬದಲಿಸಬೇಕಾಗುತ್ತದೆ. ಸೈಕಲ್ ಪಂಪು ಸಾಕು.

ಮತ್ತೆ ಜೋಡಿಸುವಾಗ ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಕೊಳವೆಯನ್ನು ಹಿಗ್ಗಿಸಿ ನೋಡಿ. ಅಲ್ಲಿ ಬಿರುಕಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗುತ್ತದೆ. ಆಗ ನೀವು ಎಷ್ಟು ಚಂದ ಟ್ಯೂನ್ ಮಾಡಿದರೂ ಅರ್ಧ ಗಂಟೆ ನಿಲ್ಲುವುದಿಲ್ಲ.

ಈಗ ಪೆಟ್ರೋಲಿನ ವಿಷಯ. ಸ್ಕ್ರೂ ತಾನಾಗಿ ತಿರುಗುವುದಿಲ್ಲ ಎಂದೆನಲ್ಲ, ಅದು ನಿಜ. ಆದರೆ ನಿಮ್ಮ ತಂದೆಯವರು ಆ ಸ್ಕ್ರೂ ಕೂರಿಸಿದ ಕಾಲದ ಪೆಟ್ರೋಲ್ ಈಗ ಇಲ್ಲ. 2014ರ ಸುಮಾರಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಸರಾಸರಿ ಶೇಕಡಾ 2 ಕೂಡ ಇರಲಿಲ್ಲ. ಈಗ ಪಂಪಿನಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 20 ಬೆರೆತದ್ದು. ಲೀಟರಿಗೆ ನಾಲ್ಕು ಕಾಸು ಉಳಿಯಿತೆಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ದಾಟಿ ಕ್ಯಾನ್ ತುಂಬಿಸಿಕೊಂಡು ಬರುವವರಿದ್ದಾರೆ. ಬೆಲೆ ಬೇರೆ ಇರಬಹುದು, ಒಳಗಿನ ಸರಕು ಆಚೆಗೂ ಈಚೆಗೂ ಒಂದೇ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ ಸುಮಾರು 9 ಪಾಲು ಸಾಕು. ಆದ್ದರಿಂದ ಅದೇ ತೂತಿನಿಂದ ಅಷ್ಟೇ ಬಿಟ್ಟರೆ ಈಗಿನ ಪೆಟ್ರೋಲಿಗೆ ಮಿಶ್ರಣ ತುಸು ಲೀನ್ ಆಗುತ್ತದೆ. ಕೈಯಲ್ಲಿ ಟ್ಯೂನ್ ಮಾಡುವ ಹಳೆಯ ಗರಗಸಗಳ ಕೈಪಿಡಿಗಳಲ್ಲಿ ಶೇಕಡಾ 10 ದಾಟಬಾರದು ಎಂದೇ ಸಾಮಾನ್ಯವಾಗಿ ಬರೆದಿರುತ್ತದೆ. ನಮಗೆ ಬೇರೆ ದಾರಿಯಿಲ್ಲ. ಸ್ಕ್ರೂ ಒಂದಿಷ್ಟು ಹೆಚ್ಚು ಬಿಚ್ಚಿಡಬೇಕು, ಮತ್ತು ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬಾರದು.

ಲೀಟರಿಗೆ 20 ಮಿಲಿ ಟೂ ಸ್ಟ್ರೋಕ್ ಎಣ್ಣೆ ಎಂದರೆ 50ಕ್ಕೆ 1, ಗರಗಸದ ಕಂಪನಿಯೇ ಮಾರುವ ಒಳ್ಳೆಯ ಎಣ್ಣೆಗೆ ಈ ಅಳತೆ. ಬೇರೆ ಎಣ್ಣೆಯಾದರೆ ಲೀಟರಿಗೆ 40 ಮಿಲಿ. ಔಷಧದ ಸಿರಿಂಜಿನಲ್ಲಿ ಅಳೆಯಿರಿ, ಮುಚ್ಚಳದ ಅಂದಾಜು ಬೇಡ.

ಇನ್ನು ನೀವು ಕೇಳಿದ ಸುತ್ತುಗಳು. ಎಲ್ ನಿಧಾನ ಓಟದ ಪೆಟ್ರೋಲ್, ಎಚ್ ಪೂರ್ತಿ ವೇಗದ ಪೆಟ್ರೋಲ್. ಮೂರನೆಯದು, ಎಲ್‌ಎ ಅಥವಾ ಟಿ ಎಂದು ಬರೆದದ್ದು, ಪೆಟ್ರೋಲಿನದಲ್ಲ. ಅದು ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ಗಾಳಿಯ ಬಾಗಿಲು ಎಷ್ಟು ತೆರೆದಿರಬೇಕೆಂದು ತಡೆಯುವ ಸ್ಕ್ರೂ. ಎಚ್ ಮತ್ತು ಎಲ್ ಎರಡನ್ನೂ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ, ಎಡಕ್ಕೆ ತಿರುಗಿಸಿದರೆ ತೆರೆಯುತ್ತವೆ. ಎರಡು ಬೆರಳಲ್ಲಿ ಹಿಡಿದ ಸ್ಕ್ರೂ ಡ್ರೈವರಿನಿಂದ ಬಲಕ್ಕೆ ತಿರುಗಿಸಿ, ತಳ ತಾಗಿತು ಎನಿಸಿದ ಕ್ಷಣ ನಿಲ್ಲಿಸಿ. ಅಲ್ಲಿಂದ ಎರಡನ್ನೂ ಒಂದೊಂದು ಸುತ್ತು ಎಡಕ್ಕೆ. ಬಹಳಷ್ಟು ಗರಗಸಗಳಿಗೆ ಇದು ಹೊರಡುವ ಜಾಗ. ನಿಮ್ಮ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಸರಿ. ನಾನು ಎಚ್ ಅನ್ನು ಇನ್ನೂ ಕಾಲು ಸುತ್ತು ಹೆಚ್ಚು ಬಿಚ್ಚಿಯೇ ಶುರು ಮಾಡುತ್ತೇನೆ. ಹೊಗೆ ಹೆಚ್ಚಾದರೆ ಕಣ್ಣುರಿ ಅಷ್ಟೇ, ಪಿಸ್ಟನ್ ಉರಿಯುವುದಿಲ್ಲ.

ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಮತ್ತು ಚೈನ್ ಜೋಡಿಸಿ, ಚೈನಿನ ಬಿಗಿ ಸರಿಯಿರಲಿ, ಏರ್ ಫಿಲ್ಟರ್ ಮತ್ತು ಅದರ ಮುಚ್ಚಳ ಹಾಕಿರಲಿ. ಚೈನ್ ಇಲ್ಲದೆ, ಫಿಲ್ಟರ್ ಇಲ್ಲದೆ ಮಾಡಿದ ಟ್ಯೂನಿಂಗ್ ಯಾವುದೋ ಬೇರೆ ಯಂತ್ರದ ಟ್ಯೂನಿಂಗ್. ಗರಗಸವನ್ನು ನೆಲಕ್ಕಿಟ್ಟು, ಹಿಂದಿನ ಹಿಡಿಯೊಳಗೆ ಬಲಗಾಲು ತೂರಿಸಿ, ಚೈನ್ ಬ್ರೇಕ್ ಹಾಕಿ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ಮೇಲೆ ಬ್ರೇಕ್ ಬಿಡಿ. ಬ್ರೇಕ್ ಹಾಕಿಕೊಂಡೇ ಆಕ್ಸಿಲರೇಟರ್ ಒತ್ತಿದರೆ ಕ್ಲಚ್ ಸುಟ್ಟುಹೋಗುತ್ತದೆ. ನಾಲ್ಕೈದು ನಿಮಿಷ ಮಧ್ಯಮ ವೇಗದಲ್ಲಿ ಬಿಸಿ ಮಾಡಿ.

ಮೊದಲು ಎಲ್‌ಎ ಸ್ಕ್ರೂವಿನಿಂದ ನಿಲ್ಲದೆ ಓಡುವಷ್ಟು ವೇಗ ಕೊಡಿ. ಬಳಿಕ ಎಲ್ ಅನ್ನು ಮೆಲ್ಲಗೆ ಬಲಕ್ಕೂ ಎಡಕ್ಕೂ ತಿರುಗಿಸುತ್ತ ಎಂಜಿನ್ ಎಲ್ಲಿ ಅತಿ ವೇಗವಾಗಿ ಓಡುತ್ತದೆ ಎಂದು ಹುಡುಕಿ. ಸಿಕ್ಕಿದ ಮೇಲೆ ಅಲ್ಲಿಂದ ಅರೆಕಾಲಿನಿಂದ ಕಾಲು ಸುತ್ತು ಎಡಕ್ಕೆ ತನ್ನಿ. ಒಮ್ಮೆ ಆಕ್ಸಿಲರೇಟರ್ ಚಕ್ಕನೆ ಒತ್ತಿ ನೋಡಿ. ತಡವರಿಸಿ ಉಸಿರು ಕಟ್ಟಿದರೆ ಎಲ್ ಇನ್ನೂ ಸ್ವಲ್ಪ ಎಡಕ್ಕೆ. ಹೊಗೆಯುಗುಳಿ ಮೆಲ್ಲಗೆ ಏರಿದರೆ ತುಸು ಬಲಕ್ಕೆ. ಕೊನೆಗೆ ಎಲ್‌ಎ ಇಳಿಸಿ, ಎಂಜಿನ್ ಓಡುತ್ತಿರಬೇಕು, ಚೈನ್ ಅಲುಗಬಾರದು. ಐಡ್ಲಿಂಗಿನಲ್ಲಿ ಚೈನ್ ತಿರುಗುವ ಗರಗಸವನ್ನು ಯಾರ ಕೈಗೂ ಕೊಡಬೇಡಿ.

ಎಚ್ ಕಿವಿಯ ಕೆಲಸ. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಮೂರು ಸೆಕೆಂಡು ಕೇಳಿ, ಬಿಡಿ. ಮತ್ತೆ ಕೇಳಿ, ಬಿಡಿ. ಪೆಟ್ರೋಲ್ ಹೆಚ್ಚಿದ್ದಾಗ ಎಂಜಿನ್ ಬಾಯಿ ಮುಕ್ಕಳಿಸಿದಂತೆ ಗೊಳಗೊಳ ಎನ್ನುತ್ತದೆ. ಬಲಕ್ಕೆ ತಿರುಗಿಸುತ್ತ ಹೋದಂತೆ ಆ ಮುಕ್ಕಳಿಕೆ ತೆಳುವಾಗಿ, ಕೊನೆಗೆ ಮಳೆಗಾಲದ ಮುಸ್ಸಂಜೆಯ ಜೀರುಂಡೆಯಂತೆ ಒಂದೇ ಎಳೆಯ ಸದ್ದಾಗುತ್ತದೆ. ಜೀರುಂಡೆ ಕೇಳಿಸಿದರೆ ದಾಟಿದ್ದೀರಿ. ಮುಕ್ಕಳಿಕೆ ಮತ್ತೆ ಕೇಳುವವರೆಗೆ ಎಡಕ್ಕೆ ತನ್ನಿ. ಖಾಲಿ ಓಡುವಾಗ ಸ್ವಲ್ಪ ಮುಕ್ಕಳಿಸಬೇಕು, ಮರಕ್ಕೆ ಕಚ್ಚಿದಾಗ ಅದೇ ಸದ್ದು ಶುದ್ಧವಾಗಬೇಕು, ಮರದಿಂದ ಎತ್ತಿದಾಗ ಮತ್ತೆ ಮುಕ್ಕಳಿಸಬೇಕು. ಇಷ್ಟಾದರೆ ಎಚ್ ಸರಿಯಾಗಿದೆ. ಎಂಜಿನ್ ಸುತ್ತುವ ವೇಗ ಅಳೆಯುವ ಟ್ಯಾಕೋಮೀಟರ್ ಸಿಕ್ಕಿದರೆ ಕೈಪಿಡಿಯಲ್ಲಿರುವ ಗರಿಷ್ಠ ವೇಗವನ್ನು ದಾಟದಂತೆ ನೋಡಿ, ಕಿವಿಗಿಂತ ಅದು ನಂಬಿಗಸ್ತ.

ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಒಬ್ಬರ ಗರಗಸವನ್ನು ನಾನು ಜೀರುಂಡೆಯ ಸದ್ದಿಗೇ ಬಿಟ್ಟುಕೊಟ್ಟಿದ್ದೆ. ಎಂಥ ಎಳೆತ ಎಂದು ಅವರೂ ಮೆಚ್ಚಿದರು, ನಾನೂ ಬೀಗಿದೆ. ಅವರ ಏರ್ ಫಿಲ್ಟರ್ ಕೊಳೆಯಾಗಿದ್ದುದನ್ನು ನಾನು ನೋಡಿರಲಿಲ್ಲ. ಕೊಳೆ ಫಿಲ್ಟರ್ ಅರ್ಧ ಚೋಕ್ ಹಾಕಿದಂತೆ, ಅದಕ್ಕೆ ಹೊಂದಿಸಿ ಪೆಟ್ರೋಲ್ ಇಳಿಸಿದ್ದೆ. ಮನೆಗೆ ಹೋದವರು ಫಿಲ್ಟರ್ ತೊಳೆದು ಹಾಕಿದರು. ಎರಡನೆಯ ಗೇರು ಮರ ಮುಗಿಯುವ ಮೊದಲೇ ಪಿಸ್ಟನ್ ಹಿಡಿದುಕೊಂಡಿತು. ಹೊಸ ಸಿಲಿಂಡರಿನ ದುಡ್ಡು ನನ್ನ ಜೇಬಿನದು.

ಹತ್ತು ನಿಮಿಷ ಕೊಯ್ದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಒಳ್ಳೆಯದು. ಬೆಳ್ಳಗಿದ್ದರೆ ಎಚ್ ಅನ್ನು ಕೂಡಲೇ ಎಡಕ್ಕೆ ತನ್ನಿ. ಕಪ್ಪು ಜಿಡ್ಡಿದ್ದರೆ ಅವಸರವಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಐಡ್ಲಿಂಗ್ ಏರುತ್ತ ಇಳಿಯುತ್ತ ಇದ್ದರೆ, ಅಥವಾ ಗರಗಸವನ್ನು ಮಗ್ಗುಲಿಗೆ ವಾಲಿಸಿದಾಗ ವೇಗ ಬದಲಾದರೆ, ಎಂಜಿನಿನ ತಿರುಗುವ ದಂಡದ, ಅಂದರೆ ಕ್ರ್ಯಾಂಕಿನ, ರಬ್ಬರ್ ಸೀಲು ಒಣಗಿ ಗಾಳಿ ಎಳೆಯುತ್ತಿರಬಹುದು. ಅದು ಮನೆಯ ಜಗಲಿಯಲ್ಲಿ ಮುಗಿಯುವ ಕೆಲಸವಲ್ಲ, ಒತ್ತಡ ಪರೀಕ್ಷಿಸುವ ಸಲಕರಣೆ ಇರುವ ವರ್ಕ್‌ಶಾಪಿಗೆ ಕೊಂಡುಹೋಗಿ. ಐದು ನಿಮಿಷ ಓಡಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದ ಮೇಲೆ ಮತ್ತೆ ಓಡಿದರೆ ಟ್ಯಾಂಕಿಗೆ ಗಾಳಿ ಬಿಡುವ ತೂತು ಕಟ್ಟಿದೆ.

ಕೊಟ್ಟಿಗೆಗೆ ಒರಗಿದ ಹಲಸಿನ ಗೆಲ್ಲಿನ ಮೇಲೆ ಈ ಪರೀಕ್ಷೆ ಬೇಡ. ಒರಗಿದ ಗೆಲ್ಲು ಎಳೆದು ಕಟ್ಟಿದ ಬಿಲ್ಲು, ಎಲ್ಲಿ ಕೊಯ್ದರೆ ಎತ್ತ ಚಿಮ್ಮುತ್ತದೆಂದು ತಿಳಿದವರನ್ನು ಕರೆಸಿ. ನಿಮ್ಮ ಟ್ಯೂನಿಂಗ್ ನೋಡಲು ನೆಲದಲ್ಲಿ ಬಿದ್ದ ಒಂದು ಗೇರಿನ ತುಂಡು ಸಾಕು. ಅದನ್ನು ಕೊಯ್ಯುವಾಗ ಕೆಳಗೆ ಉದುರುವುದನ್ನು ಕೈಯಲ್ಲಿ ಹಿಡಿದು ನೋಡಿ. ಅವಲಕ್ಕಿಯಂಥ ಚೂರು ಬಂದರೆ ಎಲ್ಲ ಸರಿ. ರಾಗಿ ಹಿಟ್ಟಿನಂಥ ನುಣ್ಣನೆಯ ಹುಡಿ ಬಂದು, ಗರಗಸವನ್ನು ಒತ್ತಿ ಹಿಡಿಯಬೇಕಾಗಿ ಬಂದರೆ ಚೈನ್ ಮೊಂಡಾಗಿದೆ. ಎಂಜಿನಿಗೆ ಶಕ್ತಿ ಸಾಲದೆಂದು ಎಚ್ ಸ್ಕ್ರೂವಿಗೆ ಮತ್ತೆ ಕೈಹಾಕಬೇಡಿ, ಅರ ತೆಗೆದುಕೊಂಡು ಹಲ್ಲು ಮಸೆಯಿರಿ.